ಅಭಿಲೇಖಾಲಯದವರ ಹೆಸರೂ ಫಲಕದಲ್ಲಿರಲಿ

ಹೋದ ವರ್ಷ ಆಷಾಢದ ಮಳೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ, ಶರಾವತಿ ಹಿನ್ನೀರಿನ ಕಡೆಯ ಹಿರಿಯರೊಬ್ಬರು ನಮ್ಮ ಅಭಿಲೇಖಾಲಯದ, ಅಂದರೆ ಸರ್ಕಾರಿ ರೆಕಾರ್ಡ್ ರೂಮಿನ, ಬಾಗಿಲಲ್ಲಿ ನಿಂತಿದ್ದರು. ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲಿ ಎರಡು ಹಿಂಬರಹ, ಅರ್ಜಿಗೆ ಕಚೇರಿ ಬರೆದುಕೊಟ್ಟ ಉತ್ತರ. ಎರಡರಲ್ಲೂ ಒಂದೇ ಸಾಲು: ‘ಕಡತ ಲಭ್ಯವಿರುವುದಿಲ್ಲ.’ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಊರು ಮುಳುಗಿದ ಮೇಲೆ ಅವರ ಅಪ್ಪನಿಗೆ ಸಿಕ್ಕ ಜಮೀನಿನ ಕಡತ ಅದು.

‘ಇನ್ನೊಂದ್ಸಲ ನೋಡಿ ಅಮ್ಮಾ. ನಮ್ಮಪ್ಪನ ಕಾಗ್ದ ಎಲ್ಲಿಗ್ ಹೋಗ್ತದೆ?’ ಅಂದರು.

ಬೇರೆ ಕೆಲಸದ ನಡುವೆ ಹುಡುಕಿದೆ. 11ನೇ ದಿನ ಸಿಕ್ಕಿತು, ಬೇರೆ ಹೋಬಳಿಯ ಗಂಟಿನೊಳಗೆ. ಎಷ್ಟೋ ವರ್ಷದ ಹಿಂದೆ ಮಾಡು ಸೋರಿದಾಗ ಗಂಟುಗಳನ್ನು ರಾತ್ರೋರಾತ್ರಿ ಪಕ್ಕದ ಕೋಣೆಗೆ ಹೊತ್ತಿದ್ದರಂತೆ. ಮಳೆ ನಿಂತ ಮೇಲೆ ಕೈಗೆ ಸಿಕ್ಕ ಹಾಗೆ ಕಟ್ಟಿ ವಾಪಸ್ ಇಟ್ಟರು. ಯಾವುದು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಒಂದು ವಹಿಯಲ್ಲೂ ಬರೆಯಲಿಲ್ಲ. ಕಡತ ಕಳೆದಿರಲಿಲ್ಲ, ಗೆದ್ದಲೂ ಹಿಡಿದಿರಲಿಲ್ಲ. ಅದು ಎಲ್ಲಿದೆ ಅನ್ನುವ ತಿಳಿವಳಿಕೆ ಮಾತ್ರ ಕಳೆದುಹೋಗಿತ್ತು. ಆ ತಿಳಿವಳಿಕೆಯನ್ನು ಕಾಯುವುದೇ ನಮ್ಮ ಕೆಲಸ. ಹೊರಗಿನವರಿಗೆ ನಾವು ಧೂಳು ಹೊಡೆಯುವವರು. ಕಚೇರಿಯ ಒಳಗೂ ‘ಅವರನ್ನು ರೆಕಾರ್ಡ್ ರೂಮಿಗೆ ಹಾಕಿ’ ಅಂದರೆ ಶಿಕ್ಷೆ ಅಂತಲೇ ಅರ್ಥ.

ಇದನ್ನು ಬದಲಿಸಬೇಕಾದವರು ನಮ್ಮ ವೃತ್ತಿಯ ಸಂಘಗಳು. ದಾಖಲೆ ನೋಡಿಕೊಳ್ಳುವವರು ಕಂದಾಯ, ಆಸ್ಪತ್ರೆ, ಬ್ಯಾಂಕು, ವಿಶ್ವವಿದ್ಯಾಲಯ ಎಲ್ಲ ಕಡೆ ಇದ್ದಾರೆ. ನಾನು ಹೋಗಿದ್ದ ಒಂದು ಕಾರ್ಯಾಗಾರದಲ್ಲಿ ದಿನವಿಡೀ ನಮ್ಮ ವೃತ್ತಿಯ ಮಹತ್ವದ ಬಗ್ಗೆಯೇ ಮಾತು. ಕೇಳಲು ಕೂತವರೆಲ್ಲ ನಾವೇ! ಒಬ್ಬ ತಹಶೀಲ್ದಾರರಿಲ್ಲ, ಒಬ್ಬ ವಕೀಲರಿಲ್ಲ, ಪಂಚಾಯ್ತಿ ಸದಸ್ಯರಿಲ್ಲ. ಆ ಹಿರಿಯರಂಥವರನ್ನು ಕರೆಯುವ ಯೋಚನೆಯೂ ಯಾರಿಗೂ ಬಂದಿರಲಿಲ್ಲ. ನಮ್ಮ ಬೆಲೆಯನ್ನು ನಾವು ನಾವೇ ಹೇಳಿಕೊಂಡು ಮನೆಗೆ ಬಂದೆವು.

ಮಲೆನಾಡಿನಲ್ಲಿ ಈ ಮಾತನ್ನು ಜನರಿಗೆ ಮುಟ್ಟಿಸುವುದು ಕಷ್ಟವೇ ಅಲ್ಲ. ಇಲ್ಲಿ ಕಾಗದದ ಬೆಲೆ ಗೊತ್ತಿಲ್ಲದ ಮನೆ ಇಲ್ಲ. ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದು ನಿಂತ 1951ರ ಕಾಗೋಡು ಸತ್ಯಾಗ್ರಹದ ನೆಲ ಇದು. 1974ರಲ್ಲಿ ಭೂ ಸುಧಾರಣೆ ಬಂದಾಗ ಗೇಣಿದಾರ ಯಾರು ಅಂತ ತೀರ್ಮಾನ ಆಗಿದ್ದು ಪಹಣಿ, ಗೇಣಿ ರಸೀದಿ, ಸಾಕ್ಷಿ ಹೇಳಿಕೆಗಳ ಮೇಲೆ. 2006ರ ಅರಣ್ಯ ಹಕ್ಕು ಕಾಯ್ದೆಯಂತೂ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಗೆ 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷದ ವಾಸಕ್ಕೆ ಆಧಾರ ಕೇಳುತ್ತದೆ. ಲೆಕ್ಕ ಹಾಕಿ, 1930ಕ್ಕೆ ಹೋಗುತ್ತದೆ. ಅಷ್ಟು ಹಿಂದಿನ ಕಾಗದ ಬಡವರ ಮನೆಯ ಟ್ರಂಕಿನಲ್ಲಿ ಎಲ್ಲಿಂದ ಬರಬೇಕು? ಉಳಿದಿದ್ದರೆ ಯಾವುದೋ ಸರ್ಕಾರಿ ಕೋಣೆಯ ಗಂಟಿನಲ್ಲಿ. ಆ ಕೋಣೆಯಲ್ಲಿ ತಿಳಿದವರು ಕೂತಿದ್ದಾರೋ ಇಲ್ಲವೋ ಅನ್ನುವುದರ ಮೇಲೆ ಒಂದು ಕುಟುಂಬದ ಹಕ್ಕು ನಿಂತಿದೆ.

ಹಾಗಾಗಿ ನನ್ನ ಒತ್ತಾಯ ಒಂದೇ. ಪ್ರತಿ ಕಚೇರಿಯ ಗೋಡೆಯ ಮೇಲೆ ಮಾಹಿತಿ ಹಕ್ಕಿನ ಫಲಕ ಇರುತ್ತದಲ್ಲ, ಸಾರ್ವಜನಿಕ ಮಾಹಿತಿ ಅಧಿಕಾರಿ, ಮೇಲ್ಮನವಿ ಪ್ರಾಧಿಕಾರಿ ಅಂತ? ಅದರ ಕೆಳಗೆ ಮೂರನೇ ಹೆಸರು ಬರಲಿ: ದಾಖಲೆ ಅಧಿಕಾರಿ. ಇದು ಹೊಸ ಬೇಡಿಕೆಯಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಎಲ್ಲ ದಾಖಲೆಗಳನ್ನೂ ಪಟ್ಟಿ ಮಾಡಿ, ಸೂಚಿ ಸಮೇತ ಇಡಬೇಕು ಅನ್ನುತ್ತದೆ. ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಪ್ರತಿ ಕಚೇರಿಯೂ ಒಬ್ಬ ದಾಖಲೆ ಅಧಿಕಾರಿಯನ್ನು ನೇಮಿಸಬೇಕು ಅನ್ನುತ್ತದೆ, ನಿಯಮ ಮೀರಿ ದಾಖಲೆ ನಾಶ ಮಾಡಿದರೆ 5 ವರ್ಷದವರೆಗೆ ಜೈಲು. ನಮ್ಮ ರಾಜ್ಯಕ್ಕೂ ಸಾರ್ವಜನಿಕ ದಾಖಲೆಗಳದ್ದೇ 2010ರ ಕಾಯ್ದೆ ಇದೆ. ಸಂಘಗಳು ಈ ಕಲಮುಗಳನ್ನು ಹಿಡಿದು ಜಿಲ್ಲಾಧಿಕಾರಿಗಳ ಮುಂದೆ ಹೋಗಿ ಕೂರಬೇಕು. ವಕೀಲರ ಸಂಘ, ರೈತ ಸಂಘದವರನ್ನೂ ಜೊತೆಗೆ ಕರೆದುಕೊಂಡು ಹೋಗಲಿ. ಹೆಸರು ಗೋಡೆಗೆ ಬಂದ ದಿನ ಆ ಹುದ್ದೆಗೆ ತರಬೇತಿ ಕೇಳುವ ಬಾಯಿಯೂ ಬರುತ್ತದೆ, ಜವಾಬ್ದಾರಿಯೂ ಬರುತ್ತದೆ.

‘ಎಲ್ಲ ಸ್ಕ್ಯಾನ್ ಆಗ್ತಿದೆಯಲ್ಲ, ಇನ್ನು ನಿಮ್ಮ ಕೆಲಸ ಏನು?’ ಅಂತ ನನ್ನನ್ನೇ ಕೇಳಿದವರಿದ್ದಾರೆ. ‘ಭೂ ಸುರಕ್ಷಾ’ ಯೋಜನೆಯಲ್ಲಿ ಕಂದಾಯ ದಾಖಲೆಗಳು ಸ್ಕ್ಯಾನ್ ಆಗುತ್ತಿರುವುದು ನನಗೆ ನಿಜಕ್ಕೂ ಸಂತೋಷ. ಮಲೆನಾಡಿನ ಬೂಷ್ಟಿನಿಂದ ಕಾಗದ ಉಳಿಸಲು ಬೇರೆ ಎಷ್ಟು ದಾರಿ ಇದೆ? ಆದರೆ ಆ ಹಿರಿಯರ ಕಡತ ತಪ್ಪು ಗಂಟಿನಲ್ಲಿದ್ದಾಗಲೇ ಸ್ಕ್ಯಾನ್ ಆಗಿದ್ದರೆ, ತಪ್ಪು ಹೋಬಳಿಯ ಹೆಸರಿನಲ್ಲೇ ಕಂಪ್ಯೂಟರಿನಲ್ಲಿ ಕೂರುತ್ತಿತ್ತು. ಆಮೇಲೆ ಗಂಟು ಬಿಚ್ಚಿ ನೋಡುವವರೂ ಇರುತ್ತಿರಲಿಲ್ಲ. ಯಂತ್ರದ ಮುಂದೆ ಇಡುವ ಮೊದಲು ಪುಟ ಎಣಿಸಿ, ಸರ್ವೆ ನಂಬರ್ ತಾಳೆ ನೋಡಿ, ಸೂಚಿ ಬರೆಯುವ ಮನುಷ್ಯ ಬೇಕೇ ಬೇಕು. ಸಂಘಗಳು ಈಗ ಬಾಯಿ ಬಿಡದಿದ್ದರೆ ಸ್ಕ್ಯಾನಿಂಗ್ ಮುಗಿದ ಮೇಲೆ ಮಾತಾಡಿ ಏನೂ ಆಗುವುದಿಲ್ಲ.

ಆಗಸ್ಟ್ 12 ಬಂದರೆ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಹುಟ್ಟಿದ ದಿನ ಅಂತ ಗ್ರಂಥಪಾಲಕರ ದಿನ ಆಚರಿಸುತ್ತಾರೆ, ಶಾಲೆ ಮಕ್ಕಳಿಗೂ ಅವರ ಕೆಲಸ ಗೊತ್ತು. ಜೂನ್ 9 ಅಂತರರಾಷ್ಟ್ರೀಯ ಪತ್ರಾಗಾರ (ಆರ್ಕೈವ್ಸ್) ದಿನ, 1948ರಲ್ಲಿ ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿ ಹುಟ್ಟಿದ ದಿನ. ನಮ್ಮಲ್ಲಿ ಅದು ಮುಂಗಾರು ಹಿಡಿಯುವ ಹೊತ್ತು. ಸಂಘದವರು ಆ ದಿನ ಭಾಷಣ ಇಟ್ಟುಕೊಳ್ಳುವುದು ಬೇಡ. ಊರಿನ ನಾಲ್ಕು ಜನರನ್ನು ಕರೆದುಕೊಂಡು ಅಭಿಲೇಖಾಲಯಕ್ಕೆ ಬನ್ನಿ. ಮಾಡು ನೋಡಿ, ಗಂಟು ಬಿಚ್ಚಿ ತೋರಿಸಿ.

ಆ ಹಿರಿಯರ ಪ್ರಕರಣ ಇನ್ನೂ ಮುಗಿದಿಲ್ಲ. ದೃಢೀಕೃತ ನಕಲು ಕೊಟ್ಟ ದಿನ ಅದನ್ನು ಎರಡು ಸಲ ಮಡಚಿ, ಹಳೆಯ ಹಿಂಬರಹಗಳ ಜೊತೆಗೇ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡರು. ಆ ಹಿಂಬರಹ ಇನ್ನು ಬೇಡ ಅಂದೆ. ‘ಇರ್ಲಿ ಅಮ್ಮಾ, ಇದೂ ದಾಖಲೆನೇ ಅಲ್ವ’ ಅಂದರು.