ಸತ್ಯಾಂಶ: ಸ್ವಿಚ್ ಆಫ್ ಆದ ಮಾತ್ರಕ್ಕೆ ಪ್ರೊಪೆಲ್ಲರ್ ಮುಟ್ಟಬಹುದೇ?

ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ತುಮಕೂರಿನ ನಮ್ಮ ಹುಡುಗರಲ್ಲಿ ವಿಮಾನಗಳ ಕುತೂಹಲ ಬೆಳೆದಿರುವುದು ಸಂತೋಷದ ಸಂಗತಿ. ಆದರೆ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಒಂದು ಸಂದೇಶ ಅಪಾಯಕಾರಿಯಾಗಿದೆ: ‘ಹಳೆಯ ಪಿಸ್ಟನ್ ವಿಮಾನ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ ಬಿಚ್ಚಿ, ಸ್ವಿಚ್ ಆಫ್ ಮಾಡಿ, ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ನೋಡಿ, ಏನೂ ಆಗುವುದಿಲ್ಲ.’

ಇದು ತಪ್ಪು. ಇಂತಹ ಎಂಜಿನ್‌ಗಳಲ್ಲಿ ಕಿಡಿಗೆ ಬೇಕಾದ ವಿದ್ಯುತ್ತನ್ನು ಮ್ಯಾಗ್ನೆಟೊ ಎಂಬ ಸಾಧನವು ತನ್ನೊಳಗಿನ ಶಾಶ್ವತ ಅಯಸ್ಕಾಂತ ತಿರುಗುವುದರಿಂದಲೇ ಉತ್ಪಾದಿಸುತ್ತದೆ. ಬ್ಯಾಟರಿಯಿಲ್ಲದೆ ಓಡುತ್ತಿದ್ದ ಹಳೆಯ ಲೂನಾ ಮೊಪೆಡ್ ರಿಪೇರಿ ಮಾಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸ್ವಿಚ್ ಆಫ್ ಮಾಡಿದಾಗ ಮ್ಯಾಗ್ನೆಟೊಗೆ ಬರುವ ಕರೆಂಟು ನಿಲ್ಲುವುದಲ್ಲ, ಅದರ ಪ್ರಾಥಮಿಕ ಸುರುಳಿ ಒಂದು ಸಣ್ಣ ತಂತಿಯ ಮೂಲಕ ಎಂಜಿನ್ನಿನ ಲೋಹಕ್ಕೆ ಅರ್ಥ್ ಆಗಿ (ವಿದ್ಯುತ್ ಸಂಪರ್ಕ ಪಡೆದು) ಕಿಡಿ ಹುಟ್ಟದಂತಾಗುತ್ತದೆ, ಅಷ್ಟೇ. ಆ ತಂತಿ ತುಂಡಾಗಿದ್ದರೆ ಅಥವಾ ಸಡಿಲವಾಗಿದ್ದರೆ, ಸ್ವಿಚ್ ಆಫ್ ಎಂದು ತೋರಿಸುತ್ತಿದ್ದರೂ ಮ್ಯಾಗ್ನೆಟೊ ಜೀವಂತವಾಗಿಯೇ ಇರುತ್ತದೆ.

ಅನೇಕ ಎಂಜಿನ್‌ಗಳಲ್ಲಿ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸಿದಾಗ ‘ಟಕ್’ ಎಂಬ ಸದ್ದು ಕೇಳಿಸುತ್ತದೆ. ಅದು ಇಂಪಲ್ಸ್ ಕಪ್ಲಿಂಗ್‌ನ ಸ್ಪ್ರಿಂಗ್ ಬಿಡುಗಡೆಯಾಗಿ ಮ್ಯಾಗ್ನೆಟೊವನ್ನು ಒಮ್ಮೆಲೇ ವೇಗವಾಗಿ ತಿರುಗಿಸುವ ಸದ್ದು. ಕೈಯ ನಿಧಾನ ವೇಗಕ್ಕೂ ಬಲವಾದ ಕಿಡಿ ಸಿಗಲೆಂದೇ ಅದನ್ನು ಅಳವಡಿಸಿರುತ್ತಾರೆ. ಸಿಲಿಂಡರಿನಲ್ಲಿ ಸ್ವಲ್ಪ ಇಂಧನ ಉಳಿದಿದ್ದರೂ ಅದು ಹೊತ್ತಿಕೊಂಡು ಪ್ರೊಪೆಲ್ಲರ್ ಒಮ್ಮೆಲೇ ತಿರುಗಿ ಕೈಗೆ ಬಡಿಯಲು ಆ ಒಂದು ಕಿಡಿ ಸಾಕು.

ಸ್ಟಾರ್ಟ್ ಆಗದ ಎಂಜಿನ್ನಿನಲ್ಲಿ ಪ್ಲಗ್‌ಗಳು ಇಂಧನದಿಂದ ತೊಯ್ದಿವೆಯೇ, ಕಪ್ಲಿಂಗ್ ಸವೆದಿದೆಯೇ ಎಂಬುದನ್ನು ತರಬೇತಿ ಪಡೆದ ತಂತ್ರಜ್ಞರೇ ನೋಡಬೇಕು. ಓಡುವ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಇರುವ ಎರಡು ಮ್ಯಾಗ್ನೆಟೊಗಳಲ್ಲಿ ಒಂದನ್ನು ಆಫ್ ಮಾಡಿದಾಗ ವೇಗ ಸ್ವಲ್ಪವೂ ಇಳಿಯದಿದ್ದರೆ ಅವರು ಮೊದಲು ಸಂಶಯಪಡುವುದು ಆ ಅರ್ಥ್ ತಂತಿಯನ್ನೇ.