ಜಕಣಾಚಾರಿ ಇದ್ದನೇ ಎಂದು ಕೇಳುವ ಮುನ್ನ

ಹೊಯ್ಸಳರ ಕಾಲದ ಗುಡಿಗಳನ್ನು ಕಡೆದನೆಂದು ಕತೆ ಹೇಳುವ ಶಿಲ್ಪಿ ಜಕಣಾಚಾರಿ. ಪ್ರತಿ ಜನವರಿ 1ಕ್ಕೆ ಅವನ ಸಂಸ್ಮರಣ ದಿನ ಬಂದಾಗ ಅದೇ ವಾದ ಏಳುತ್ತದೆ. ಇದ್ದೇ ಇದ್ದ ಅಂತ ಒಬ್ಬರು, ಬರೀ ಕಟ್ಟುಕತೆ ಅಂತ ಇನ್ನೊಬ್ಬರು. ಶಾಸನ ಏನು ಹೇಳುತ್ತದೆ ಎಂಬ ಮಾತು ಮಾತ್ರ ಬರುವುದೇ ಇಲ್ಲ. ನನಗೆ ನೋವಾಗುವುದು ಅಲ್ಲೇ.

ಮೊದಲು ನೋಡಬೇಕಾದ್ದು, ಹೆಸರು ಎಲ್ಲಿ ಸಿಕ್ಕಿತು, ಆ ಬರಹ ಯಾವ ಕಾಲದ್ದು ಎಂಬುದನ್ನು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ. ಅಲ್ಲಿನ ಶಿಲ್ಪಗಳ ಪೀಠದಲ್ಲಿ ಹಳಗನ್ನಡ ಅಕ್ಷರದ ಸಹಿಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಹೆಸರು, ಊರು, ಅಪ್ಪ-ಮಗನ ಸಂಬಂಧ, ಕೆತ್ತಿದ ವಿಗ್ರಹ, ನಾಲ್ಕೂ ಒಂದೇ ಕಡೆ ಸಿಗುತ್ತವೆ. ಇವರು ಇದ್ದರು ಎನ್ನಲು ಇನ್ನೇನು ಬೇಕು? ಆ ಸಹಿಗಳ ನಡುವೆ ಜಕಣಾಚಾರಿಯ ಹೆಸರಿಲ್ಲ.

ಹೆಸರಿಲ್ಲ ಎಂದ ಮಾತ್ರಕ್ಕೆ ಆಳೇ ಇರಲಿಲ್ಲ ಎನ್ನುವಂತಿಲ್ಲ. ಸಹಿ ಹಾಕದ ಶಿಲ್ಪಿಗಳೂ ಇದ್ದರು, ಅಕ್ಷರ ಸವೆದುಹೋಗಿರುವ ಕಲ್ಲುಗಳೂ ಇವೆ. ಹಾಗಾಗಿ ಎರಡನೆಯ ಪರೀಕ್ಷೆ ಬೇಕು: ಕತೆ ಅವನ ಮೇಲೆ ಹೊರಿಸುವ ಕೆಲಸವೆಲ್ಲ ಒಬ್ಬನ ಆಯಸ್ಸಿನಲ್ಲಿ ಹಿಡಿಸುತ್ತದೆಯೇ? ಬೇಲೂರಿನಿಂದ ಸೋಮನಾಥಪುರದವರೆಗೆ ಎಲ್ಲವೂ ಅವನದೇ ಎನ್ನುವವರಿದ್ದಾರೆ. ಸೋಮನಾಥಪುರದ ಗುಡಿ 1258ರದು. ನಡುವೆ 141 ವರ್ಷ. ಒಬ್ಬ ಮನುಷ್ಯನಿಂದ ಆಗುವ ಕೆಲಸವಲ್ಲ.

ಮೂರನೆಯದು, ಕತೆ ನಡೆದ ಜಾಗದಲ್ಲೇ ಶಾಸನವಿದ್ದರೆ ಅದನ್ನು ಓದುವುದು. ತಾನು ಕೆತ್ತಿದ ವಿಗ್ರಹದಲ್ಲಿ ಕಪ್ಪೆ ಸಿಕ್ಕಿತೆಂದು ಜಕಣಾಚಾರಿ ಕೈ ಕಡಿದುಕೊಂಡ, ಆ ಕೈ ಮತ್ತೆ ಬಂದದ್ದು ತುಮಕೂರಿನ ಹತ್ತಿರದ ಕೈದಾಳದಲ್ಲಿ ಎನ್ನುತ್ತಾರೆ. ಅಲ್ಲಿನ ಶಾಸನ ಸುಮಾರು 1150ರದು, ಗುಡಿ ಕಟ್ಟಿಸಿದವನು ಸಾಮಂತ ಗೂಳೆ ಬಾಚಿ ಎನ್ನುತ್ತದೆ. ಹೊಟ್ಟೆಯಲ್ಲಿ ಕಪ್ಪೆ ಸಿಕ್ಕಿತೆಂಬ ವಿಗ್ರಹದ ಬೇಲೂರಿನ ಕಪ್ಪೆ ಚೆನ್ನಿಗರಾಯನ ಗುಡಿಯೂ ಅಷ್ಟೇ, ಕಟ್ಟಿಸಿದವಳು ಶಾಂತಲಾದೇವಿ. ಆದರೆ ಕಟ್ಟಿಸಿದವರೇ ಬೇರೆ, ಕಡೆದವರೇ ಬೇರೆ. ಈ ಎರಡನ್ನು ಕಲಸಿಬಿಟ್ಟರೆ ವಾದ ಹಳಿ ತಪ್ಪುತ್ತದೆ.

ಸಹಿ ಇದ್ದರೂ ಎಡವುವುದುಂಟು. ರೂವಾರಿ, ಅಂದರೆ ಶಿಲ್ಪಿ, ಮಲ್ಲಿತಮ್ಮನ ಹೆಸರು ಅಮೃತಾಪುರದ ಗುಡಿಯಲ್ಲಿದೆ, ಅದು 1196. ನುಗ್ಗೇಹಳ್ಳಿಯಲ್ಲಿದೆ, ಅದು 1246. ಸೋಮನಾಥಪುರದಲ್ಲೂ ಇದೆ. ಮೊದಲಿಂದ ಕೊನೆಗೆ 62 ವರ್ಷ. ಇಪ್ಪತ್ತರ ಹರೆಯದಲ್ಲಿ ಉಳಿ ಹಿಡಿದಿದ್ದರೆ ಸೋಮನಾಥಪುರದ ಹೊತ್ತಿಗೆ 82 ಆಗಿರಬೇಕು. ಅಸಾಧ್ಯವಲ್ಲ. ಆದರೆ ತಾತನ ಹೆಸರು ಮೊಮ್ಮಗನಿಗೆ ಇಡುವ ನಾಡು ನಮ್ಮದು, ಒಂದೇ ಹೆಸರಿನ ಇಬ್ಬರೂ ಇರಬಹುದು. ಬರೀ ಹೆಸರಿಂದ ಇದು ತೀರ್ಮಾನವಾಗದು. ಸಹಿಯ ಅಕ್ಷರದ ತಿರುವು, ಆಭರಣದ ಕೆತ್ತನೆ, ವಿಗ್ರಹದ ಮೇಲಿನ ಬಳ್ಳಿಯ ಸುರುಳಿ, ಇವನ್ನು ಒಂದೊಂದು ಗುಡಿಯಲ್ಲೂ ಪಕ್ಕಪಕ್ಕ ಇಟ್ಟು ನೋಡಬೇಕು.

ನನ್ನ ಅಭಿಪ್ರಾಯ ಇಷ್ಟು. ಈಗ ಕತೆಯಲ್ಲಿರುವ ಜಕಣಾಚಾರಿ ಒಬ್ಬ ವ್ಯಕ್ತಿಯಲ್ಲ, ಹಲವು ತಲೆಮಾರಿನ ಶಿಲ್ಪಿಗಳ ಕೆಲಸಕ್ಕೆ ಜನ ಕೊಟ್ಟ ಒಂದು ಹೆಸರು. ಆ ಹೆಸರಿನ ಒಬ್ಬ ಶಿಲ್ಪಿ ಎಲ್ಲೋ ಇದ್ದಿರಲೂಬಹುದು. ಅವನ ಕಾಲದ ಒಂದು ಸಾಲು ಕಲ್ಲಿನ ಮೇಲೆ ಸಿಕ್ಕ ದಿನ ಈ ಅಭಿಪ್ರಾಯ ಬದಲಾಗುತ್ತದೆ. ಅಲ್ಲಿಯವರೆಗೆ ಶಿಲ್ಪಿಗಳಿಗೆ ಕೊಡುವ ಜಕಣಾಚಾರಿ ಪ್ರಶಸ್ತಿ ಅವನ ಹೆಸರಲ್ಲೇ ಇರಲಿ, ಪಠ್ಯಪುಸ್ತಕದಲ್ಲಿ ಮಾತ್ರ ದಾಸೋಜ, ಚಾವಣ, ಮಲ್ಲಿತಮ್ಮರ ಹೆಸರು ಮೊದಲು ಬರಲಿ.