ಎರಡು ಬ್ಯಾಟರಿ, ಒಂದು ಪಂಚೆ

ಕಾರವಾರದ ಮಾಜಾಳಿ ಕಡಲ ದಂಡೆಯ ಪಕ್ಕ, ಬೆಳಗ್ಗೆ ಆರು ಗಂಟೆಗೆ, ನಮ್ಮ ವ್ಯಾನು 'ಟಕ್' ಎಂದಿತು. ಅಷ್ಟೇ. ಮತ್ತೆ ಕೀ ತಿರುಗಿಸಿದೆ. 'ಟಕ್.'

"ಎಂತಾಯ್ತು?" ಹಿಂದಿನ ಸೀಟಿನಿಂದ ಇವಳು ಕೇಳಿದಳು.

"ಎಂತ ಇಲ್ಲ, ಎಂಜಿನ್ ತಣ್ಣಗಾಗಿದೆ" ಎಂದೆ. ಏಪ್ರಿಲ್ ತಿಂಗಳು. ಆರು ಗಂಟೆಗೇ ಬನಿಯನ್ನು ಬೆನ್ನಿಗೆ ಅಂಟಿತ್ತು. ಅಂಥಾ ಸೆಖೆಯಲ್ಲಿ ಈ ಮಾತು ಹೇಳಿದ್ದಕ್ಕೆ ಇವತ್ತಿಗೂ ಮನೆಯಲ್ಲಿ ನನ್ನನ್ನು ಆಡಿಕೊಳ್ಳುತ್ತಾರೆ.

ನಡೆದದ್ದು ಇಷ್ಟು. ರಾತ್ರಿಯಿಡೀ ಎರಡು ಫ್ಯಾನು ತಿರುಗಿದ್ದವು. ಸೀಟಿನ ಕೆಳಗೆ ಒಂದು ಪುಟ್ಟ ಫ್ರಿಜ್ಜು ಅಮ್ಮನ ಅಪ್ಪೆಹುಳಿ ಮತ್ತು ಮಜ್ಜಿಗೆಯನ್ನು ಕಾಯುತ್ತಾ ಕೂತಿತ್ತು. ಎಲ್ಲವೂ ಒಂದೇ ಬ್ಯಾಟರಿ ಮೇಲೆ. ಬೆಳಗಾಗುವಾಗ ಅಪ್ಪೆಹುಳಿ ತಂಪಾಗಿತ್ತು, ಬ್ಯಾಟರಿ ಪೂರ್ತಿ ತಂಪಾಗಿತ್ತು.

ಗಾಳಿಮರದ ಬುಡದಲ್ಲಿ ಬಲೆ ಬಿಡಿಸುತ್ತಿದ್ದ ಏಳೆಂಟು ಮೀನುಗಾರರು ಬಂದರು. ರಂಪಣಿ ಬಲೆ ಎಳೆದು ಪಳಗಿದ ತೋಳುಗಳು. ರಸ್ತೆಗೆ ತಂದು ತಳ್ಳಿದರು. ನಮ್ಮದು ಹಳೇ ಕಾಲದ ಡೀಸೆಲ್ಲು. ಹಗ್ಗ ಎಳೆದರೆ ಮಾತ್ರ ಎಂಜಿನ್ ನಿಲ್ಲುವ ಜಾತಿ. ಸ್ಪಾರ್ಕ್ ಪ್ಲಗ್ಗಿನ ಹಂಗಿಲ್ಲ, ಗಾಳಿಯನ್ನು ಒತ್ತಿ ಬಿಸಿ ಮಾಡಿ ತಾನೇ ಉರಿಸಿಕೊಳ್ಳುತ್ತದೆ. ಆದರೆ ಆ ಒತ್ತುವ ಕೆಲಸಕ್ಕೆ ಮೊದಲ ಸಲ ಯಾರಾದರೂ ತಿರುಗಿಸಿ ಕೊಡಬೇಕಲ್ಲ, ಅದೇ ಕಷ್ಟ. ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಮೂರನೇ ಸಲಕ್ಕೆ ಒಂದು ಮೋಡದಷ್ಟು ಕಪ್ಪು ಹೊಗೆ ಬಿಟ್ಟು ಎದ್ದಿತು.

"ಯಾವ ಊರು?" ಎಂದರು ಒಬ್ಬರು, ಬೆವರು ಒರೆಸಿಕೊಳ್ಳುತ್ತಾ.

"ಶಿರಸಿ."

"ಅದಕ್ಕೇ. ಘಟ್ಟದ ಮೇಲೆ ಎಲ್ಲ ಕಡೆ ಇಳಿಜಾರು ಅಲ್ವಾ, ನಿಮಗೆ ಬ್ಯಾಟರಿ ಅಭ್ಯಾಸ ಇಲ್ಲ."

ಊರಿಗೆ ಬಂದವನೇ ಮೇಸ್ತ್ರಿಯ ಶೆಡ್ಡಿಗೆ ಹೋದೆ. ನಮ್ಮ ಪೇಟೆಯ ಗಾಡಿಗಳ ಕರೆಂಟಿನ ಕೆಲಸವೆಲ್ಲ ಅವನದೇ. ಬಾಯಲ್ಲಿ ಎಲೆಅಡಿಕೆಯ ಕವಳ ಇದ್ದರೆ ಮಾತಾಡುವುದಿಲ್ಲ. ಹಾಗಾಗಿ ಅವನ ಸಲಹೆ ಸಿಗುವುದು ದಿನಕ್ಕೆ ಮೂರ್ನಾಲ್ಕು ಸಲ ಮಾತ್ರ. ಅವತ್ತು ಉಗಿದು ಬಂದು ಹೇಳಿದ: "ಸ್ಟಾರ್ಟ್ ಮಾಡೋ ಬ್ಯಾಟರಿ ಅಂದ್ರೆ ಕೊನೆಗೌಡ ಇದ್ದ ಹಾಗೆ. ಸರ್ರನೆ ಮರ ಹತ್ತಿ, ಅಡಿಕೆ ಕೊನೆ ಕೊಯ್ದು ಇಳೀತಾನೆ. ಅವನನ್ನ ರಾತ್ರಿಯಿಡೀ ಅಡಿಕೆ ಸುಲಿಯೋಕೆ ಕೂರಿಸಿದ್ರೆ ಆಗ್ತದಾ? ಸುಲಿಯೋಕೆ ಬೇರೆ ಜನ ಬೇಕು."

ಇಷ್ಟು ಚೆಂದ ಹೇಳಿದ್ದನ್ನು ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಸ್ಟಾರ್ಟರು ಒಮ್ಮೆ 200 ಆಂಪಿಯರ್ ಎಳೆಯಿತು ಅಂತಿಟ್ಟುಕೊಳ್ಳಿ, ಅದು ಮೂರು ಸೆಕೆಂಡಿನ ಮಾತು. ಎರಡು ಆಂಪಿಯರಿನ ಪುಟಾಣಿ ಫ್ಯಾನು ಅಷ್ಟು ಕರೆಂಟನ್ನು ಐದೇ ನಿಮಿಷದಲ್ಲಿ ತಿಂದು ಮುಗಿಸುತ್ತದೆ. ಅಬ್ಬರ ಯಾರದೋ, ಊಟ ಯಾರದೋ.

ಹಾಗಾದರೆ ಎರಡನೇ ಬ್ಯಾಟರಿ ಬೇಕು. ಸುಲಿಯುವವರು. ಅಂಥವರು ನಮ್ಮ ಮನೆಯಲ್ಲೇ ಇದ್ದರಲ್ಲ, ಇನ್ವರ್ಟರಿನ ಅಡಿ! 150 ಆಂಪಿಯರ್-ಅವರಿನ ಟ್ಯೂಬುಲರ್ ಬ್ಯಾಟರಿ. ಇವಳು ಮಾರಿಕಾಂಬಾ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ನಾನೂ ಮಗನೂ ಅದನ್ನು ಹೊತ್ತು ತಂದೆವು. 50 ಕಿಲೋ ಮೀರಿದ ತೂಕ. ಸೊಂಟ 'ಕಟ್' ಎಂದಿತು. ಆ ಸೊಂಟದ ಕತೆ ಬೇರೆ, ಇನ್ನೊಮ್ಮೆ ಹೇಳುತ್ತೇನೆ.

ಮೇಸ್ತ್ರಿ ಕವಳ ಹಾಕಿಕೊಂಡಿದ್ದ. ಕಾಯುವಷ್ಟು ತಾಳ್ಮೆ ಇರಲಿಲ್ಲ. ಮನೆ ವೈರಿಂಗಿನಲ್ಲಿ ಉಳಿದಿದ್ದ 2.5 ಸ್ಕ್ವೇರ್ ಎಂಎಂ ನೀಲಿ ತಂತಿಯಿಂದ ಎರಡೂ ಬ್ಯಾಟರಿಯ ಪ್ಲಸ್ಸು ಸೇರಿಸಿದೆ. ಮೈನಸ್ಸನ್ನು ವ್ಯಾನಿನ ಮೈಗೆ ಕೊಟ್ಟೆ. ಎಷ್ಟು ಸಲೀಸು! ಮೇಸ್ತ್ರಿಗಳು ಸುಮ್ನೆ ದೊಡ್ಡ ವಿದ್ಯೆ ಅನ್ನುತ್ತಾರೆ ಎಂದುಕೊಳ್ಳುತ್ತಾ ಕೀ ತಿರುಗಿಸಿದೆ.

ಎಂಜಿನ್ ಏಳುವ ಮೊದಲು ತಂತಿ ಎದ್ದಿತು. ನೀಲಿ ಬಣ್ಣ ಮೊದಲು ಹೊಳೆಯಿತು, ಆಮೇಲೆ ಬೆವರಿತು, ಆಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದು ಸಂಡಿಗೆ ಅರಳಿದ ಹಾಗೆ ಅರಳತೊಡಗಿತು. ಅಡುಗೆಮನೆಯಿಂದ ಅಮ್ಮ ಕೂಗಿದಳು, "ಯಾರು ಒಗ್ಗರಣೆ ಸೀಯಿಸಿದ್ದು?" ಕೀ ಬಿಟ್ಟೆ. ಮೊದಲ ಬ್ಯಾಟರಿ ಸೋತಿತ್ತು, ಇನ್ವರ್ಟರಿನದು ತುಂಬಿತ್ತು. ಸ್ಟಾರ್ಟರು ಕೇಳಿದ್ದನ್ನೆಲ್ಲ ಇದು ಆ ಸಣ್ಣ ತಂತಿಯಲ್ಲೇ ಕಳಿಸಲು ಹೊರಟಿತ್ತು. ಮಾರಿಕಾಂಬೆ ಜಾತ್ರೆಯ ಜನವನ್ನೆಲ್ಲ ನಮ್ಮ ತೋಟದ ಕಾಲುಸಂಕದ ಮೇಲೆ ದಾಟಿಸಿದ ಹಾಗೆ.

ಸರಿಯಾಗಿ ಅದೇ ಹೊತ್ತಿಗೆ ಇವಳು ಗೇಟು ತೆಗೆದು ಒಳಗೆ ಬಂದಳು. ಕೈಯಲ್ಲಿ ಕುಂಕುಮ ಪ್ರಸಾದ. ಒಳಗಿನಿಂದ ಬ್ಯಾಟರಿ ಇಲ್ಲದ ಇನ್ವರ್ಟರು ಕೀಂ ಕೀಂ ಎಂದು ಚಾಡಿ ಹೇಳುತ್ತಿತ್ತು.

ಸುಟ್ಟ ತಂತಿ ಹಿಡಿದು ಮೇಸ್ತ್ರಿಯ ಹತ್ತಿರ ಹೋದೆ. ಅವನು ಅದನ್ನು ಸತ್ತ ಹಾವಿನ ಹಾಗೆ ಎರಡು ಬೆರಳಲ್ಲಿ ಎತ್ತಿ ನೋಡಿದ. "ಫ್ಯೂಸು?" ಎಂದ. "ಇಲ್ಲ" ಎಂದೆ. ಕವಳ ಉಗಿದ. ನನಗಾಗಿ ಉಗಿದದ್ದೋ, ನನ್ನ ಮೇಲಿನ ಸಿಟ್ಟಿಗೆ ಉಗಿದದ್ದೋ ಗೊತ್ತಾಗಲಿಲ್ಲ. "ತಂತಿಯ ಎರಡೂ ತುದಿಗೆ ಬ್ಯಾಟರಿ ಇದೆ. ನಡುವೆ ಎಲ್ಲಿ ಗಾಡಿಯ ಮೈಗೆ ತಾಗಿದ್ರೂ ಎರಡೂ ಕಡೆಯಿಂದ ಬೆಂಕಿ. ಫ್ಯೂಸು ಎರಡು ಬೇಕು, ಒಂದೊಂದು ಬ್ಯಾಟರಿ ಬುಡಕ್ಕೇ. ಮತ್ತೆ ಈ ದಾರದಲ್ಲಿ ಚಾರ್ಜೂ ಸರಿಯಾಗಿ ಆಗೋದಿಲ್ಲ. ಐದು ಮೀಟರು ತಂತಿ, 30 ಆಂಪಿಯರು ಹೋದ್ರೆ ಒಂದು ವೋಲ್ಟು ದಾರೀಲೇ ಸೋರಿ ಹೋಗ್ತದೆ. ಎಂಜಿನ್ ಜೊತೆ ತಿರುಗಿ ಚಾರ್ಜು ಕೊಡೋ ಆಲ್ಟರ್ನೇಟರ್ 14.2 ಕೊಟ್ರೆ ಅಲ್ಲಿ ಮುಟ್ಟೋದು 13.2."

25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ಲು ಕೊಂಡೆ. ಬೆಲೆ ಕೇಳಿದಾಗ ಇದನ್ನು ಮದುವೆಯಲ್ಲಿ ಕೊರಳಿಗೇ ಹಾಕಬಹುದು ಅನ್ನಿಸಿತು. ಫ್ಯೂಸು ಎರಡು. ಕೊನೆಗೆ ರಿಲೇ ಎಂದು ಒಂದು ಪುಟ್ಟ ಡಬ್ಬಿ ತೋರಿಸಿದ. ವೋಲ್ಟೇಜು 13.3 ದಾಟಿದರೆ, ಎಂದರೆ ಎಂಜಿನ್ ಚಾರ್ಜು ಕೊಡುವಾಗ, ಎರಡೂ ಬ್ಯಾಟರಿಯನ್ನು ತಾನೇ ಸೇರಿಸುತ್ತದೆ. 12.8ಕ್ಕೆ ಇಳಿದರೆ ತಾನೇ ಬೇರೆ ಮಾಡುತ್ತದೆ. ಕೇಬಲ್ಲಿನ ಬಿಲ್ಲು ಜೇಬಿನಲ್ಲಿ ಇನ್ನೂ ಬಿಸಿ ಇತ್ತು. "ಅದಕ್ಕೆ ರಿಲೇ ಎಂತಕ್ಕೆ? ಒಂದು ಸ್ವಿಚ್ಚು ಕೊಡು. ಗಾಡಿ ನಿಲ್ಲಿಸಿದ ಕೂಡಲೇ ನಾನೇ ಆಫ್ ಮಾಡ್ತೇನೆ" ಎಂದೆ.

ಮೇಸ್ತ್ರಿ ಏನೂ ಹೇಳಲಿಲ್ಲ. ಹೊಸ ಕವಳ ಹಾಕಿಕೊಂಡ.

ಮೇ ತಿಂಗಳಲ್ಲಿ ಮತ್ತೆ ಮಾಜಾಳಿಗೆ ಹೊರಟೆವು. ಇನ್ವರ್ಟರ್ ಬ್ಯಾಟರಿ ನನ್ನ ಸೀಟಿನ ಹಿಂದೆ. ಹಿಂದಿನ ದಿನ ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿದ್ದೆ, ಸ್ವಲ್ಪ ಉದಾರವಾಗಿಯೇ. ಬಾಯಾರಿಕೆ ಯಾರಿಗಾದರೂ ಬಾಯಾರಿಕೆಯೇ ಅಲ್ವಾ. ಆದರೆ ಅದು ಮನೆಯ ಮೂಲೆಯಲ್ಲಿ ಅಲ್ಲಾಡದೆ ಕೂರುವ ಬ್ಯಾಟರಿ. ದೇವಿಮನೆ ಘಟ್ಟದ ತಿರುವುಗಳು ಅದಕ್ಕೆ ಹೊಸತು. ಒಂದೊಂದು ತಿರುವಿಗೂ ಒಂದೊಂದು ಗುಟುಕು ಹೊರಗೆ ಚೆಲ್ಲಿತ್ತು. ದೇವಿಯ ಗುಡಿ ಹತ್ತಿರ ಕೈ ಮುಗಿಯಲು ನಿಲ್ಲಿಸಿದಾಗ ನೋಡಿದೆ. ಮ್ಯಾಟಿನ ಮೇಲೆ ನೀರು. ಪಂಚೆಯ ಅಂಚಿನಿಂದ ಚೊಕ್ಕಟವಾಗಿ ಒರೆಸಿದೆ.

ಆ್ಯಸಿಡ್ಡಿನ ಸ್ವಭಾವ ಆಗ ನನಗೆ ಗೊತ್ತಿರಲಿಲ್ಲ. ಅದು ಅಲ್ಲೇ ಜಗಳ ಮಾಡುವುದಿಲ್ಲ. ಪಂಚೆ ಬೆಳ್ಳಗೆ, ಗರಿಗರಿಯಾಗಿಯೇ ಇತ್ತು. ಕುಮಟಾದಲ್ಲಿ ಚಾ ಕುಡಿದೆ, ಅಂಕೋಲಾದಲ್ಲಿ ಕರಿ ಇಶಾಡು ಮಾವಿನಹಣ್ಣು ಚೌಕಾಸಿ ಮಾಡಿದೆ, ಎಲ್ಲ ಅದೇ ಪಂಚೆಯಲ್ಲಿ. ಊರಿಗೆ ಬಂದು ಒಗೆದು ಹಿಂಡಿದ ಮೇಲೆ ಇವಳು ಅದನ್ನು ಬಿಸಿಲಿಗೆ ಹಿಡಿದಳು. ಮೇಲೆ ಸಪ್ತರ್ಷಿ ಮಂಡಲ, ಕೆಳಗೆ ಜರಡಿ. ನಡುವಿನ ಒಂದು ತೂತಿನಿಂದ ಅವಳ ಕಣ್ಣು ನನ್ನನ್ನೇ ನೋಡುತ್ತಿತ್ತು. ಒರೆಸುವ ಮೊದಲು ಅಡುಗೆ ಸೋಡಾ ಉದುರಿಸಬೇಕಿತ್ತಂತೆ. ಬುಸ್ಸೆಂದು ನೊರೆ ಬಂದು ಆ್ಯಸಿಡ್ಡು ಸಾಯುತ್ತದಂತೆ.

ಪಂಚೆಯದು ಆಮೇಲಿನ ಕತೆ. ಕಾಳಿ ಸೇತುವೆ ದಾಟಿ ಮಾಜಾಳಿಗೆ ಬಂದು, ಅದೇ ಗಾಳಿಮರದ ಕೆಳಗೆ ನಿಲ್ಲಿಸಿದೆವು. ಫ್ಯಾನು ಹಾಕಿದೆವು. ಫ್ರಿಜ್ಜಿನಲ್ಲಿ ಮಾವಿನಹಣ್ಣು. ಬ್ಯಾಟರಿ ಎರಡಿದೆ ಎಂಬ ಧೈರ್ಯಕ್ಕೆ ಮಗ ಇನ್ನೊಂದು ಫ್ಯಾನನ್ನೂ ತಂದಿದ್ದ, ಲೈಟಿನ ಸರ ಬೇರೆ. ಮದುವೆ ಮನೆಯ ಹಾಗೆ ಕಾಣುತ್ತಿತ್ತು. ಅಲೆಯ ಸದ್ದು ಕೇಳುತ್ತಾ ಮಲಗಿದೆ. ಎಷ್ಟು ನೆಮ್ಮದಿಯೆಂದರೆ, ಸ್ವಿಚ್ಚು ಎಂಬ ವಸ್ತು ಜಗತ್ತಿನಲ್ಲಿ ಇದೆ ಎನ್ನುವುದೇ ಮರೆತಿತ್ತು.

ಬೆಳಗ್ಗೆ ಕೀ ತಿರುಗಿಸಿದೆ. ಈ ಸಲ 'ಟಕ್' ಕೂಡ ಇಲ್ಲ. ಕೊನೆಗೌಡನೂ ಅಡಿಕೆ ಸುಲಿಯುವವರ ಸಾಲಿನಲ್ಲಿ ಕೂತು ಬೆಳಗಿನತನಕ ಸುಲಿದಿದ್ದ.

ಅದೇ ಮೀನುಗಾರರು. ದೂರದಿಂದಲೇ ಗುರುತು ಹಿಡಿದರು. ಒಬ್ಬರು ಒಳಗೆ ಇಣುಕಿ, "ಈ ಸಲ ಎರಡು ಬ್ಯಾಟರಿಯಾ?" ಎಂದರು. ಹೌದೆಂದೆ. ದಂಡೆಯ ಕಡೆ ತಿರುಗಿ ಕೂಗಿದರು: "ಹಾಗಾದ್ರೆ ಇನ್ನೂ ನಾಲ್ಕು ಜನ ಬನ್ನಿ!"

ಮಾವಿನಹಣ್ಣೆಲ್ಲ ಅವರಿಗೇ ಕೊಟ್ಟು ಬಂದೆವು.

ಈಗ ವ್ಯಾನಿನಲ್ಲಿ ರಿಲೇ ಇದೆ. ಸೀಲ್ ಮಾಡಿದ, ಚೆಲ್ಲದ 100 ಆಂಪಿಯರ್-ಅವರ್ ಬ್ಯಾಟರಿ ಇದೆ. ಗಾಡಿ ಹೊರಟ ಸ್ವಲ್ಪ ಹೊತ್ತಿಗೆ ಸೀಟಿನಡಿ 'ಟಿಕ್' ಅನ್ನುತ್ತದೆ. ಹಾಗಂದಾಗಲೆಲ್ಲ ಇವಳು, "ನೋಡಿ, ಅದಕ್ಕೆ ನೆನಪಿದೆ" ಎನ್ನುತ್ತಾಳೆ. ಅರ್ಧಕ್ಕಿಂತ ಕೆಳಗೆ ಬಸಿಯಬಾರದು ಅಂತ ಮೇಸ್ತ್ರಿ ಹೇಳಿದ್ದಾನೆ. ಅದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ವೋಲ್ಟ್ ಮೀಟರೂ ಇದೆ. ಇಷ್ಟೆಲ್ಲ ಆದ ಮೇಲೆ ಇನ್ವರ್ಟರ್ ಬ್ಯಾಟರಿಯನ್ನು ಮರ್ಯಾದೆಯಿಂದ ಮನೆಗೆ ಮರಳಿಸಿದೆ. ಮರಳಿಸುವ ಮೊದಲು, ಖಾಲಿಯಾದದ್ದನ್ನು ಹಾಗೆಯೇ ತಿಂಗಳುಗಟ್ಟಲೆ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದೆ, ಅಷ್ಟೇ. ಲೆಡ್ ಬ್ಯಾಟರಿಯನ್ನು ಖಾಲಿ ಇಟ್ಟರೆ ಒಳಗಿನ ತಗಡಿಗೆ ಸಲ್ಫೇಟು ಕಟ್ಟಿ ಗಟ್ಟಿಯಾಗುತ್ತದೆ ಎಂದು ಮೇಸ್ತ್ರಿ ಹೇಳಲಿಲ್ಲ. ನಾನೂ ಕೇಳಿರಲಿಲ್ಲ. ಕವಳ ಇತ್ತು.

ಜುಲೈಯಲ್ಲಿ ಒಂದು ರಾತ್ರಿ ಮರ ಬಿದ್ದು ಕರೆಂಟು ಹೋಯಿತು. ಇನ್ವರ್ಟರು ಹತ್ತು ನಿಮಿಷ ಕೀಂ ಎಂದು ಸುಮ್ಮನಾಯಿತು. ಇವಳು ಏನೂ ಮಾತಾಡದೆ ಟಾರ್ಚು ಹಿಡಿದು ಅಂಗಳಕ್ಕೆ ಇಳಿದು ವ್ಯಾನಿನ ಬಾಗಿಲು ತೆಗೆದಳು. ಹಿಂದೆಯೇ ಮಗ, ಅವನ ಹಿಂದೆ ಅಮ್ಮ, ಮಧ್ಯೆ ಒಂದು ಪಾತ್ರೆ ಗಂಜಿ, ಅಪ್ಪೆಮಿಡಿ ಭರಣಿ. ಪಕ್ಕದ ಮನೆಯವರು ನಾಲ್ಕು ಮೊಬೈಲು ಚಾರ್ಜಿಗೆ ತಂದು ಹಾಗೇ ಕೂತರು. ಮಗ ಲೈಟಿನ ಸರ ಹಾಕಿದ. ಮೇಲೆ ತಗಡಿನ ಮೇಲೆ ಮಳೆ ಧೋ ಎನ್ನುತ್ತಿತ್ತು. ಊಟ ಮಾಡಿ ಅಮ್ಮ ಸೀಟಿಗೆ ಒರಗಿದವಳು ಹಾಗೇ ನಿದ್ದೆ ಹೋದಳು. ಗುಡುಗಿನ ಸದ್ದಿಗೆ ಒಮ್ಮೆ ಎಚ್ಚರಾಗಿ, ಕಣ್ಣು ಬಿಡದೆ ಕೇಳಿದಳು:

"ಕುಮಟಾ ಬಂತಾ?"